ಅಡಿಗೆ ಅರ್ಧ ಇಂಚು

ಬೈಲಹೊಂಗಲದ ನಮ್ಮ ಹಳೆಯ ಮನೆಯ ಅಟ್ಟವನ್ನು ಕಳೆದ ಬೇಸಿಗೆಯಲ್ಲಿ ಬರಿದುಮಾಡುತ್ತಿದ್ದಾಗ, ಮುರಿದ ತೊಟ್ಟಿಲು, ಕಿಲುಬುಗಟ್ಟಿದ ಹಂಡೆ, ಹತ್ತಿ ಬಿಡಿಸುವಾಗ ಉಡಿಕಟ್ಟುತ್ತಿದ್ದ ಹಳೆಯ ಧೋತರಗಳು, ಇವೆಲ್ಲದರ ಅಡಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಒಂದು ರಟ್ಟಿನ ಪೆಟ್ಟಿಗೆ ನನ್ನ ಕೈಗೆ ಸಿಕ್ಕಿತು. ನಾನು ಹೈಸ್ಕೂಲಿನಲ್ಲಿದ್ದಾಗ ಮುಂಬಯಿಯ ಸೋದರಮಾವ ತಂದುಕೊಟ್ಟಿದ್ದ ಮಾದರಿ ಕಾರಿನ ಕಿಟ್ ಅದು: ಇಪ್ಪತ್ತನಾಲ್ಕರಲ್ಲಿ ಒಂದು ಪ್ರಮಾಣದ ವಿದೇಶೀ ಕಾರೊಂದರ ಒಡಲು, ಗಾಲಿ, ಆಸನ, ಎಂಜಿನ್ನು, ದೀಪದ ಗಾಜು, ಎಲ್ಲವೂ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಕಾಯಿಗಳಂತೆ ಅಂಟಿಕೊಂಡಿದ್ದವು. ಅಂಟಿನ ಕೊಳವೆ ಕಲ್ಲಾಗಿತ್ತು. ನೀರಿನಲ್ಲಿ ನೆನೆಸಿ ಅಂಟಿಸತಕ್ಕ ಚಿತ್ರದ ಹಾಳೆ ಹಳದಿಗಟ್ಟಿತ್ತು. ಅರ್ಧ ಜೋಡಿಸಿದ ಎಂಜಿನ್ನಿನ ಮೇಲೆ ಬಾಲಕನಾಗಿದ್ದ ನನ್ನ ಬೆರಳಿನ ಗುರುತು, ಕರಗಿದ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದಂತೆ, ಹಾಗೆಯೇ ಉಳಿದಿತ್ತು.

ಆ ಗುರುತನ್ನು ಕಂಡ ದಿನವೇ, ಬಿಟ್ಟ ಕೆಲಸವನ್ನು ಮುಗಿಸಬೇಕೆಂಬ ಸಂಕಲ್ಪ ನನ್ನಲ್ಲಿ ಹುಟ್ಟಿತು. ಅದು ಹುಟ್ಟಿದ್ದೇ ತಡ, ಐವತ್ತರ ಗಡಿಯಲ್ಲಿರುವ ಮನುಷ್ಯನಿಗೆ ಆಟಿಕೆಯ ಹುಚ್ಚೇಕೆ ಎಂಬ ಪ್ರಶ್ನೆ ಮನೆಯಲ್ಲಿಯೂ ಓಣಿಯಲ್ಲಿಯೂ ಎದ್ದಿತು. ನಮ್ಮ ದೇಶದ ಸುಂಕದ ಪಟ್ಟಿಯೂ ಇದೇ ಪ್ರಶ್ನೆಯನ್ನು ಕೇಳುತ್ತದೆ. ಮೂರು ಗಾಲಿಯ ಸೈಕಲ್ಲು, ಗೊಂಬೆ, ಗೊಂಬೆಯ ಗಾಡಿ ಇವುಗಳನ್ನು ಇಟ್ಟಿರುವ 9503 ಎಂಬ ಶೀರ್ಷಿಕೆಯಲ್ಲಿಯೇ ಪ್ರಮಾಣಬದ್ಧ ಮಾದರಿಗಳನ್ನೂ ಇಟ್ಟಿರುವುದರಿಂದ, 2020ರ ಮುಂಗಡ ಪತ್ರದಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ ಶೇ. 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಿದಾಗ, ಕಳಪೆ ಆಟಿಕೆಗಳ ಮೇಲೆ ಎತ್ತಿದ ಕೈ ಈ ಕಿಟ್ಟುಗಳ ಮೇಲೆಯೂ ಬಿದ್ದಿತು. ದೇಶೀಯ ಆಟಿಕೆಯ ಉದ್ಯಮವನ್ನು ಕಾಯುವ ಉದ್ದೇಶವನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಬಿಚ್ಚಿದೊಡನೆ ಆಡತಕ್ಕ ವಸ್ತುವಿಗೂ, ತಿಂಗಳುಗಟ್ಟಲೆ ಕೊಯ್ದು, ಉಜ್ಜಿ, ಜೋಡಿಸಿ, ಬಣ್ಣವಿಟ್ಟ ಮೇಲೆಯಷ್ಟೇ ರೂಪುತಾಳುವ ವಸ್ತುವಿಗೂ ಭೇದವಿದೆಯೆಂಬುದನ್ನು ಸರಕಾರವಾಗಲಿ ಸಮಾಜವಾಗಲಿ ಗಮನಿಸದೆ ಇರುವುದು ತಪ್ಪೆಂದು ಹೇಳಲೇಬೇಕಾಗಿದೆ.

ಈ ಕೆಲಸವು ನಮಗೆ ಪರಕೀಯವೆಂದು ಭಾವಿಸುವವರು ನಮ್ಮ ಸೀಮೆಯ ಬಾಲ್ಯವನ್ನು ಮರೆತವರು. ಮಣ್ಣೆತ್ತಿನ ಅಮಾವಾಸ್ಯೆಯಂದು ಕೆರೆಯ ಜೇಡಿಯನ್ನು ತಂದು ಕೋಡು, ಇಣಿ, ಗಂಗೆದೊಗಲುಗಳನ್ನು ಬೆರಳಿನಿಂದಲೇ ತಿದ್ದಿ ಎತ್ತುಗಳನ್ನು ಮಾಡುತ್ತಿದ್ದೆವು; ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಿದ್ದರು; ಸುಗ್ಗಿಯ ತರುವಾಯ ಹೊಲದಲ್ಲಿ ಬಿದ್ದ ಜೋಳದ ದಂಟನ್ನು ಸುಲಿದು, ಒಳಗಿನ ಬೆಂಡನ್ನು ಗಾಲಿಗೂ ಹೊರಗಿನ ಸಿಪ್ಪೆಯನ್ನು ಮೂಕಿ ನೊಗಗಳಿಗೂ ಬಳಸಿ, ಜಾಲಿಮುಳ್ಳನ್ನೇ ಮೊಳೆಯಾಗಿ ಚುಚ್ಚಿ ಚಕ್ಕಡಿಯನ್ನು ಕಟ್ಟುತ್ತಿದ್ದೆವು. ದಂಟಿನ ಸಿಪ್ಪೆಯ ಅಲಗು ಬೆರಳನ್ನು ಕೊಯ್ಯದೆ ಯಾವ ಹುಡುಗನ ಚಕ್ಕಡಿಯೂ ಮುಗಿದುದಿಲ್ಲ. ಇನ್ನು ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ವಿಷಯ: ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸಂದುಗಳಿಗೆ ಮರದ ಪುಡಿ ಬೆರೆಸಿದ ಕಿಟ್ಟವನ್ನು ತುಂಬಿ, ಅದರ ಮೇಲೆ ಬಿಳಿಯ ಲೇಪವನ್ನು ಕೊಟ್ಟು, ಆಮೇಲೆ ಬಣ್ಣಕ್ಕೆ ಕೈಹಾಕುವ ಅವರ ಕ್ರಮವನ್ನು ಬಲ್ಲವನಿಗೆ, ಮಾದರಿ ಕಾರನ್ನು ಕಟ್ಟುವವನು ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬೂದುಬಣ್ಣದ ಪ್ರೈಮರ್ ಹೊಡೆದು, ಅನಂತರ ಬಣ್ಣವಿಡುವ ಕ್ರಮದಲ್ಲಿ ಹೊಸದೇನೂ ಕಾಣುವುದಿಲ್ಲ.

ಮರಳಿ ಕೈಹಾಕಿದ ನನಗೆ ಜೋಡಣೆಯು ಅಷ್ಟೇನೂ ಕಷ್ಟವಾಗಲಿಲ್ಲ. ಪ್ಲಾಸ್ಟಿಕ್ಕಿಗೆ ಬಳಸುವ ತೆಳು ಅಂಟು ಎರಡು ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ, ಅಂದರೆ ಅದು ಬೆಸುಗೆಯೇ. ಆದುದರಿಂದ ಸ್ವಲ್ಪವೇ ಸಾಕು, ಹೆಚ್ಚಾದರೆ ಬೆರಳಿನ ಗುರುತು ಮೂವತ್ತು ವರ್ಷ ಉಳಿಯುತ್ತದೆ. ಹಳದಿಗಟ್ಟಿದ ಚಿತ್ರದ ಹಾಳೆಯನ್ನು ಪಾರದರ್ಶಕ ಚೀಲದಲ್ಲಿ ಮುಚ್ಚಿ ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಹಿಡಿದರೆ ಹಳದಿಯು ಕ್ರಮೇಣ ಬಿಳುಪಾಗುತ್ತದೆ ಎಂಬುದನ್ನು ಈ ಕೆಲಸದವರೆಲ್ಲ ಬಲ್ಲರು. ಅದನ್ನು ರಾಮದುರ್ಗದ ನನ್ನ ಅಕ್ಕನ ಮನೆಯ ಪಡುವಣ ಕಿಟಕಿಗೆ ಅಂಟಿಸಿ ಬಂದೆನು. ಎರಡು ವಾರಗಳಲ್ಲಿ ಅಂಕಿಗಳ ಸುತ್ತಣ ಕೊಳೆ ಮಾಯವಾಗಿತ್ತು.

ಕಷ್ಟವೆಲ್ಲ ಬಣ್ಣದಲ್ಲಿತ್ತು, ಮತ್ತು ಆ ಕಷ್ಟವು ನಮ್ಮ ನಾಲ್ಕೂರುಗಳ ಹವೆಯನ್ನು ನನಗೆ ಹೊಸದಾಗಿ ಪರಿಚಯಿಸಿತು. ಹುಟ್ಟೂರು ಬೈಲಹೊಂಗಲ, ನೌಕರಿಯ ಊರು ಕಿತ್ತೂರು, ಪತ್ನಿಯ ತವರು ಸವದತ್ತಿ, ಅಕ್ಕನ ಊರು ರಾಮದುರ್ಗ. ಒಂದೇ ಜಿಲ್ಲೆಯೊಳಗಣ ಈ ನಾಲ್ಕೂ ಊರುಗಳಲ್ಲಿ, ಏರ್‌ಬ್ರಶ್ಶನ್ನೂ ಬಣ್ಣದ ಸೀಸೆಗಳನ್ನೂ ಚೀಲದಲ್ಲಿ ಹೊತ್ತು, ಒಂದೇ ಕೆಂಪು ಬಣ್ಣವನ್ನು ನಾನು ಹೊಡೆದು ನೋಡಿದ್ದೇನೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿರುವ ಊರು. ಅಲ್ಲಿ ಆಷಾಢದ ಜಡಿಮಳೆಯಲ್ಲಿ ಲ್ಯಾಕರ್ ಬಣ್ಣವನ್ನು ಹೊಡೆದಾಗ, ದ್ರಾವಕವು ಬೇಗ ಆವಿಯಾಗುತ್ತ ಒಡಲನ್ನು ತಣ್ಣಗಾಗಿಸಿ, ಗಾಳಿಯ ತೇವವನ್ನು ತನ್ನ ಮೇಲೆ ಸೆಳೆದುಕೊಂಡು, ನಾನು ನೋಡುತ್ತಿದ್ದಂತೆಯೇ ಕೆಂಪಿನ ಮೇಲೆ ವಿಭೂತಿಯನ್ನು ಬಳಿದಂತೆ ಬಿಳಿಯ ಮಂಜು ಕವಿಯಿತು. ರಾಮದುರ್ಗವು ಮಳೆಗೆ ಮರೆಯಾದ ಬೆಳವಲದ ಊರು. ಅಲ್ಲಿ ವೈಶಾಖದ ಮಧ್ಯಾಹ್ನದಲ್ಲಿ ಅದೇ ಬಣ್ಣವು ಮೊನೆಯಿಂದ ಹೊರಟು ಒಡಲನ್ನು ಮುಟ್ಟುವುದರೊಳಗೆ ಅರೆ ಒಣಗಿ, ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗಿ ಕೂತಿತು. ಸವದತ್ತಿಯಲ್ಲಿ ಗುಡ್ಡದ ಮೇಲಣ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಮನೆಯೊಳಗೂ ನುಗ್ಗಿ, ಕೆಮ್ಮಣ್ಣಿನ ಕಣಗಳನ್ನು ಹಸಿ ಬಣ್ಣದ ಮೇಲೆ ಹರಡಿತು. ಬೈಲಹೊಂಗಲದಲ್ಲಿಯಾದರೋ ಹತ್ತಿಯ ಸುಗ್ಗಿಯಲ್ಲಿ ಜಿನ್ನಿನಿಂದ ಹೊರಟ ನವುರಾದ ಎಳೆಯೊಂದು ಕಾರಿನ ಬಾನೆಟ್ಟಿನ ನಟ್ಟನಡುವೆ ಬಂದು ಮಲಗಿತು; ಅದನ್ನು ಚಿಮುಟದಿಂದ ಎತ್ತಹೋಗಿ ಬಣ್ಣವನ್ನೇ ಎತ್ತಿದೆನು.

ಪ್ರತಿಯೊಂದು ಸಲವೂ ಬಣ್ಣವನ್ನು ತೊಳೆದು, ಮತ್ತೆ ಸಾವಿರದ ಉಸುಕಿನ ಕಾಗದದಿಂದ ಉಜ್ಜಿ, ಮತ್ತೆ ಮೊದಲಿನಿಂದ ತೊಡಗಬೇಕಾಯಿತು. ಕಡೆಗೆ ಕಾರಿಗೆ ಬಣ್ಣ ಸರಿಯಾಗಿ ಕೂತುದು ದೀಪಾವಳಿಯ ತರುವಾಯ, ಮಳೆ ಹಿಂದಾಗಿ ಹತ್ತಿ ಇನ್ನೂ ಗಿರಣಿಗೆ ಬಾರದ ಆ ಕೆಲವೇ ದಿನಗಳಲ್ಲಿ, ಬೈಲಹೊಂಗಲದ ಮನೆಯ ಸ್ನಾನದ ಕೋಣೆಯಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸಿದ ಮೇಲೆ. ರೈತನು ಬಿತ್ತನೆಗೆ ಹದವನ್ನು ಕಾಯುವಂತೆ ಬಣ್ಣಕ್ಕೂ ಹದವನ್ನು ಕಾಯಬೇಕೆಂಬುದನ್ನು ಯಾವ ಸೂಚನಾಪತ್ರವೂ ನನಗೆ ಹೇಳಿರಲಿಲ್ಲ.

ಬಣ್ಣವು ತೆಳುವಾಗಿರಬೇಕೆಂಬುದಕ್ಕೆ ಒಂದು ಲೆಕ್ಕವುಂಟು. ನಿಜವಾದ ಕಾರಿನ ಮೇಲಣ ಬಣ್ಣದ ಪದರವು ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದೇ ದಪ್ಪದ ಬಣ್ಣವನ್ನು ಇಪ್ಪತ್ತನಾಲ್ಕನೆಯ ಒಂದು ಪ್ರಮಾಣದ ಮಾದರಿಗೆ ಬಳಿದರೆ, ನಿಜವಾದ ಕಾರಿಗೆ ಎರಡೂವರೆ ಮಿಲಿಮೀಟರಿನಷ್ಟು ಗಾರೆ ಮೆತ್ತಿದಂತಾಗುತ್ತದೆ; ಬಾಗಿಲಿನ ಗೆರೆಗಳು ತುಂಬಿಹೋಗುತ್ತವೆ, ಕಂಪನಿಯ ಚಿಹ್ನೆ ಮುಳುಗುತ್ತದೆ, ಕಾರು ಬೆಲ್ಲದ ಅಚ್ಚಿನಂತೆ ಕಾಣುತ್ತದೆ. ಪ್ರಮಾಣವೆಂಬುದು ಉದ್ದಗಲಗಳಿಗೆ ಮಾತ್ರ ಸೇರಿದ್ದಲ್ಲ, ಮೇಲ್ಮೈಯ ಬಣ್ಣಕ್ಕೂ ಸೇರಿದ್ದು. ಮುಖವನ್ನೇ ಮಾನವಾಗಿ ಹಿಡಿದು ಇಡೀ ಮೂರ್ತಿಯನ್ನು ಅಳೆಯುವ ತಾಲಮಾನವನ್ನು ಬಲ್ಲ ನಮ್ಮ ಶಿಲ್ಪಿಗಳಿಗೆ, ಲಕ್ಕುಂಡಿಯ ದೇವಾಲಯಗಳ ಭಿತ್ತಿಗಳಲ್ಲಿ ಗೇಣುದ್ದದ ಶಿಖರಗಳನ್ನು ಪೂರ್ಣ ಶಿಖರದ ಅಂಗೋಪಾಂಗಗಳೊಡನೆ ಕಡೆದವರಿಗೆ, ಇದು ಹೇಳದೆ ತಿಳಿದಿದ್ದ ವಿಷಯ.

ಇಪ್ಪತ್ತನಾಲ್ಕರಲ್ಲಿ ಒಂದು ಎಂಬ ಈ ಪ್ರಮಾಣದಲ್ಲಿ ನಮ್ಮ ಬಡಿಗರಿಗೆ ಒಪ್ಪುವ ಇನ್ನೊಂದು ಗುಣವಿದೆ: ಅದು ಅಡಿಗೆ ಅರ್ಧ ಇಂಚು. ಎರಡಡಿ ಒಂದಿಂಚಾಗುತ್ತದೆ, ಭಾಗಾಕಾರವೇ ಬೇಡ, ಅಳತೆಪಟ್ಟಿ ಸಾಕು. ಮೊದಲ ಕಾರನ್ನು ಮುಗಿಸಿದ ಮೇಲೆ, ವಿದೇಶೀ ಕಾರುಗಳಿಗಿಂತ ನಾನು ಕಣ್ಣಾರೆ ಕಂಡ ವಾಹನಗಳನ್ನೇ ಈ ಅಳತೆಯಲ್ಲಿ ಕಟ್ಟಬೇಕೆಂಬ ಹಂಬಲ ಬಲಿಯಿತು. ಕಿತ್ತೂರಿನ ಹೆದ್ದಾರಿಯಲ್ಲಿ ಪುಣೆಯತ್ತ ಓಡುತ್ತಿದ್ದ ಅಂಬಾಸಿಡರು, ಮದುವೆಯ ಮೆರವಣಿಗೆಗೆ ಬಾಡಿಗೆಗೆ ಬರುತ್ತಿದ್ದ ಪ್ರೀಮಿಯರ್ ಪದ್ಮಿನಿ, ಎಲ್ಲಮ್ಮನ ಗುಡ್ಡಕ್ಕೆ ಜನರನ್ನು ಒಳಗೂ ಮೇಲೂ ಹೇರಿಕೊಂಡು ಏರುತ್ತಿದ್ದ ಟ್ರ್ಯಾಕ್ಸು, ಇವುಗಳ ಕಿಟ್ಟು ಯಾವ ಅಂಗಡಿಯಲ್ಲಿಯೂ ನನಗೆ ದೊರೆಯಲಿಲ್ಲ. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಅಂಬಾಸಿಡರಿನ ಆಟಿಕೆಯೇನೋ ದೊರೆಯುತ್ತದೆ. ಆದರೆ ನಾಲ್ಕೂಕಾಲು ಮೀಟರಿಗೂ ಮಿಗಿಲಾದ ಆ ಕಾರನ್ನು ಸರಿಯಾಗಿ ಹದಿನೆಂಟು ಸೆಂಟಿಮೀಟರಿಗೆ ಇಳಿಸಿ, ಬಿಡಿಬಿಡಿಯಾಗಿ ನಮ್ಮ ಕೈಗೆ ಕೊಡುವವರಿಲ್ಲ.

ಇದು ಅಲ್ಪ ಕೊರತೆಯಲ್ಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯು ಪ್ಲಾಸ್ಟಿಕ್ ಮಾದರಿಗಳಲ್ಲಿ ತನ್ನ ಹೆಜ್ಜೆಯನ್ನಿಟ್ಟುದು ಯುದ್ಧವಿಮಾನದಿಂದಲ್ಲ, ಒಂದು ಟ್ರ್ಯಾಕ್ಟರಿನಿಂದ: 1949ರಲ್ಲಿ, ಫರ್ಗ್ಯುಸನ್ ಕಂಪನಿಯ ಮಾರಾಟಗಾರರು ರೈತರಿಗೆ ತೋರಿಸಲೆಂದು ಮಾಡಿಕೊಟ್ಟ ಪುಟ್ಟ ಟ್ರ್ಯಾಕ್ಟರು ತರುವಾಯ ಬಿಡಿಭಾಗಗಳ ಕಿಟ್ಟಾಗಿ ಅಂಗಡಿಗೆ ಬಂದಿತು. ಆ ಫರ್ಗ್ಯುಸನ್ನಿನ ವಂಶದ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳು ಇಂದಿಗೂ ನಮ್ಮ ಎರೆಹೊಲಗಳಲ್ಲಿ ರಂಟೆ ಹೊಡೆಯುತ್ತವೆ. ಜಪಾನಿನ ಶಿಜುವೊಕಾದಲ್ಲಿ ಇಂದು ಜಗತ್ತಿಗೇ ಮಾದರಿಗಳನ್ನು ಕಳಿಸುವ ತಮಿಯಾ ಸಂಸ್ಥೆಯು 1946ರಲ್ಲಿ ಕಟ್ಟಿಗೆ ಕೊಯ್ಯುವ ಗಿರಣಿಯಾಗಿ ಹುಟ್ಟಿ, ಮೊದಲು ಮರದ ಮಾದರಿಗಳನ್ನೇ ಮಾಡುತ್ತಿತ್ತು. ಟ್ರ್ಯಾಕ್ಟರೂ ಕಟ್ಟಿಗೆಯ ಅಡ್ಡೆಯೂ ನಮ್ಮ ತಾಲೂಕುಗಳಲ್ಲಿ ಇಲ್ಲದ ವಸ್ತುಗಳೇನು? ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಉದ್ಯಮದ ನೆಲೆಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕಿನ್ನಾಳವೂ ಅದೇ ಜಿಲ್ಲೆಯದು. ಆ ನೆಲೆಯಿಂದ ಹೊರದೇಶಕ್ಕೆ ಗೊಂಬೆಗಳು ಹೊರಡುವುದಾದರೆ, ಅವುಗಳ ಸಂಗಡ ಒಂದು ಅಂಬಾಸಿಡರು, ಒಂದು ಕೆಂಪು ಬಸ್ಸು, ಒಂದು ಚಕ್ಕಡಿ ಕಿಟ್ಟಿನ ರೂಪದಲ್ಲಿ ಹೊರಡಲಿ ಎಂದು ಬಯಸುವುದು ಅತಿಯಾಸೆಯಲ್ಲ.

ಈಗ ನನ್ನ ಮೇಜಿನ ಮೇಲಿರುವುದು ಚಕ್ಕಡಿಯೇ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ದಾರಿಗಳಲ್ಲಿ ಕೊಲ್ಲಾರಿ ಕಟ್ಟಿಕೊಂಡು, ಗೆಜ್ಜೆಯ ಸದ್ದಿನೊಡನೆ ಸಾಲುಗಟ್ಟಿ ಬರುವ ಚಕ್ಕಡಿಗಳಲ್ಲಿ ಮರದ ಗಾಲಿಯವು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿರುವುದನ್ನು ನಾನು ಕಾಣುತ್ತಿದ್ದೇನೆ. ಟೈರಿನ ಗಾಡಿಯೂ ಟ್ರ್ಯಾಕ್ಟರಿನ ಟ್ರೇಲರೂ ಅವುಗಳ ಸ್ಥಾನವನ್ನು ಆಕ್ರಮಿಸಿವೆ. ಪತ್ನಿಯ ತವರಿನಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಚಕ್ಕಡಿಯನ್ನು ಅಳೆಯಲು ಹೋದಾಗ, ಒಂದು ಗಾಲಿಯ ಹೊರತು ಉಳಿದುದೆಲ್ಲ ಒಲೆಗೆ ಹೋಗಿತ್ತು. ಆ ಒಂದು ಗಾಲಿಯ ವ್ಯಾಸ ನಾಲ್ಕೂವರೆ ಅಡಿ, ಅರಗಳು ಹನ್ನೆರಡು. ನನ್ನ ಮೇಜಿನ ಮೇಲೆ ಅದು ಎರಡೂಕಾಲು ಇಂಚು. ಮೂಕಿಯ ಉದ್ದ, ನೊಗದ ಬಾಗು, ಅಚ್ಚಿನ ದಪ್ಪ ಇವು ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಲಿಲ್ಲ. ಕಾರಿಗಾದರೆ ಕಾರ್ಖಾನೆಯ ನಕ್ಷೆಗಳಿರುತ್ತವೆ. 2014ರ ಮೇ ತಿಂಗಳಲ್ಲಿ ಉತ್ತರಪಾಡದ ಕಾರ್ಖಾನೆಯಲ್ಲಿ ಅಂಬಾಸಿಡರಿನ ಉತ್ಪಾದನೆ ನಿಂತಿತಾದರೂ ಅದರ ಅಳತೆಗಳು ಉಳಿದಿವೆ. ಚಕ್ಕಡಿಯ ನಕ್ಷೆಯಿದ್ದುದು ಬಡಿಗನ ಕೈಯಲ್ಲಿ ಮಾತ್ರ, ಆ ಕೈಗಳಲ್ಲಿ ಅನೇಕವು ಈಗ ಇಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಹಿತ್ತಿಲಲ್ಲಿ ಮರದ ಗಾಲಿಯ ಚಕ್ಕಡಿಯಾಗಲಿ, ಕೊಟ್ಟಿಗೆಯಲ್ಲಿ ಧೂಳುಹಿಡಿದ ಪದ್ಮಿನಿಯಾಗಲಿ ಇದ್ದರೆ, ಗುಜರಿಯವನಿಗೆ ಕೊಡುವ ಮುನ್ನ ಒಂದು ಮುಂಜಾನೆ ಮನೆಯ ಮಕ್ಕಳನ್ನು ಜೊತೆಗಿಟ್ಟುಕೊಂಡು, ಟೇಪನ್ನು ಹಿಡಿದು, ಉದ್ದ, ಅಗಲ, ಎತ್ತರ, ಗಾಲಿಯ ವ್ಯಾಸ, ಅರಗಳ ಸಂಖ್ಯೆ, ಬಣ್ಣ ಇವೆಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ನಾಲ್ಕೂ ಬದಿಗಳಿಂದ ಛಾಯಾಚಿತ್ರವನ್ನು ತೆಗೆದಿಡಿರಿ.