ಪದಕಕ್ಕಾಗಿ ಬಿಡದ್ದು, ಮಕ್ಕಳಿಗಾಗಿ ಬಿಟ್ಟದ್ದು

ಮೈದಾನದಲ್ಲಿ ಬೆವರು ಸುರಿಸುತ್ತಿರುವ ಕ್ರೈಸ್ತ ಯುವಜನರೇ, ಅವರನ್ನು ತಿದ್ದಿ ತೀಡುವ ಕೋಚ್‌ಗಳೇ, ಪೀಟಿ ಮೇಷ್ಟ್ರೇ, ಸಭೆಯ ಹಿರಿಯರೇ,

ಸ್ಪರ್ಧೆಗೆ ಇಳಿಯುವ ಮೊದಲು ನಾವು ಪ್ರಾರ್ಥನೆ ಮಾಡುತ್ತೇವೆ. ಗೆದ್ದು ಬಂದರೆ ಮುಂದಿನ ಭಾನುವಾರ ಸಭೆಯ ಮುಂದೆ ಸಾಕ್ಷಿ ಹೇಳುತ್ತೇವೆ, ಶಾಲು ಹೊದಿಸುತ್ತಾರೆ. ಸೋತು ಬಂದವರನ್ನು ಸಾಕ್ಷಿ ಹೇಳಲು ಕರೆಯುವುದು ಅಪರೂಪ. ಹೀಗೇ ಮುಂದುವರಿದರೆ ನಮ್ಮ ಮಕ್ಕಳ ಪಾಲಿಗೆ ನಂಬಿಕೆಯೆಂಬುದು ಗೆಲುವಿಗಾಗಿ ಕಟ್ಟಿಕೊಂಡ ತಾಯಿತವಾಗಿಬಿಡುತ್ತದೆ. ಆ ಕಳವಳದಿಂದಲೇ ಈ ಮನವಿ.

ಎರಿಕ್ ಲಿಡೆಲ್ ಹೆಸರನ್ನು ನಮ್ಮಲ್ಲಿ ಅನೇಕರು ಸಂಡೇ ಸ್ಕೂಲಿನಲ್ಲೇ ಕೇಳಿದ್ದೇವೆ. ಚೀನಾದಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಸ್ಕಾಟ್ಲೆಂಡಿನ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿದ್ದಿತ್ತು. ಕರ್ತನ ದಿನದಂದು ಓಡುವುದಿಲ್ಲ ಎಂದು ಅವರು ತಿಂಗಳುಗಳ ಮೊದಲೇ ತಿಳಿಸಿಬಿಟ್ಟರು. ಅವರ ಮೇಲೆ ದೇಶ ಆಸೆ ಇಟ್ಟುಕೊಂಡಿದ್ದೇ ಆ ಓಟದಲ್ಲಿ. ಟೀಕೆಗಳು ಬಂದವು. ಅವರು ಯಾರನ್ನೂ ದೂರದೆ 200 ಮತ್ತು 400 ಮೀಟರಿಗೆ ಅಭ್ಯಾಸ ನಡೆಸಿದರು. 200ರಲ್ಲಿ ಕಂಚು ಬಂತು. ಜುಲೈ 11ರಂದು 400 ಮೀಟರನ್ನು ಕಟ್ಟಕಡೆಯ ಲೇನಿನಿಂದ 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು.

ಆಗಿನ್ನೂ ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಕಾಲೂರಲು ಬೇಕಾದ ಗುಳಿಗಳನ್ನು ಓಟಗಾರರೇ ಚಿಕ್ಕ ಕರಣೆ ಹಿಡಿದು ಟ್ರ್ಯಾಕಿನಲ್ಲಿ ತೋಡಿಕೊಳ್ಳಬೇಕಿತ್ತು. ಲಿಡೆಲ್ ತಮ್ಮ ಕರಣೆಯನ್ನು ಎದುರಾಳಿಗಳಿಗೂ ಕೊಡುತ್ತಿದ್ದರು, ಓಟಕ್ಕೆ ಮೊದಲು ಒಬ್ಬೊಬ್ಬರ ಕೈ ಕುಲುಕುತ್ತಿದ್ದರು. ನಂಬಿಕೆಯುಳ್ಳ ಆಟಗಾರ ಎದುರಾಳಿಯ ಜೊತೆ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ಚಿನ್ನದ ಪದಕ ಬಂದಲ್ಲಿಗೆ ನಾವು ಈ ಕಥೆ ಮುಗಿಸಿಬಿಡುತ್ತೇವೆ. ಅದರ ಉತ್ತರಾರ್ಧವನ್ನೂ ದಯವಿಟ್ಟು ಮಕ್ಕಳಿಗೆ ಹೇಳಿ. ಮರುವರ್ಷವೇ ಲಿಡೆಲ್ ಚೀನಾಕ್ಕೆ ಹೋಗಿ ಶಾಲಾ ಮೇಷ್ಟ್ರಾದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ವೈಶಿಯನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ದೂಡಿದರು. ಹೆಂಡತಿ ಮಕ್ಕಳು ದೂರದ ಕೆನಡಾದಲ್ಲಿದ್ದರು. ಶಿಬಿರದಲ್ಲಿ ತಂದೆತಾಯಿಯಿಂದ ಅಗಲಿದ ಶಾಲಾಮಕ್ಕಳು ಬಹಳ ಮಂದಿ ಇದ್ದರು. ಲಿಡೆಲ್ ಅವರಿಗೆ ವಿಜ್ಞಾನ ಕಲಿಸಿದರು, ಆಟ ಆಡಿಸಿದರು, ಮುರಿದ ಹಾಕಿ ಸ್ಟಿಕ್ಕುಗಳಿಗೆ ಹಾಸಿಗೆಯ ಬಟ್ಟೆ ಹರಿದು ಸುತ್ತಿ ಕಟ್ಟಿಕೊಟ್ಟರು. ಭಾನುವಾರ ಮಾತ್ರ ಆಟ ನಡೆಸುತ್ತಿರಲಿಲ್ಲ. ಒಂದು ಭಾನುವಾರ ಹುಡುಗ ಹುಡುಗಿಯರು ತಾವೇ ಹಾಕಿ ಆಡಲು ಹೋಗಿ ಜಗಳವಾಡಿಕೊಂಡರು. ಆಮೇಲಿನ ಭಾನುವಾರ ಲಿಡೆಲ್ ತಾವೇ ತೀರ್ಪುಗಾರರಾಗಿ ಮೈದಾನಕ್ಕಿಳಿದರು. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ, ಮಿದುಳಿನ ಗೆಡ್ಡೆಯಿಂದ ಶಿಬಿರದಲ್ಲೇ ತೀರಿಕೊಂಡರು. ಆಗ ಅವರಿಗೆ 43 ವರ್ಷ.

ಒಲಿಂಪಿಕ್ಸ್ ಪದಕಕ್ಕಾಗಿ ಬಿಡದ ನಿಯಮವನ್ನು ಅವರು ಮಕ್ಕಳಿಗಾಗಿ ಬಿಟ್ಟರು. ಕ್ರೀಡೆಯಲ್ಲಿ ಕ್ರೈಸ್ತ ನಂಬಿಕೆ ದಾರಿದೀಪವಾಗುವುದೆಂದರೆ ಇದೇ ಎಂದು ನಾನು ನಂಬಿದ್ದೇನೆ. ನನ್ನ ಲಾಭ ಎದುರಿಗಿದ್ದಾಗ ಬಗ್ಗಬಾರದು, ಇನ್ನೊಬ್ಬರ ಒಳಿತು ಎದುರಿಗಿದ್ದಾಗ ಬಗ್ಗದೆ ಇರಬಾರದು. ನಾವು ಎಷ್ಟೋ ಸಲ ಇದನ್ನು ತಿರುವುಮುರುವು ಮಾಡುತ್ತೇವೆ.

ಕೋಚ್‌ಗಳೇ, ಹುಡುಗನ ವಯಸ್ಸಿನ ದಾಖಲೆ ತಿದ್ದಿಸಿ ಕಿರಿಯರ ವಿಭಾಗದಲ್ಲಿ ಆಡಿಸುವ ಚಾಳಿ ನಮ್ಮ ಮೈದಾನಗಳಲ್ಲಿದೆ. ಯಾರೋ ಕೊಟ್ಟ ಇಂಜೆಕ್ಷನ್ ಏನೆಂದು ಕೇಳದೆ ಸುಮ್ಮನಿರುವುದೂ ಇದೆ. ಅಂಥ ತಂಡವನ್ನು ಕೂಡಿಸಿಕೊಂಡು ಪ್ರಾರ್ಥಿಸಿದರೆ ದೇವರ ಹೆಸರಿಗೆ ಗೌರವ ಬಂದೀತೆ? ಇಲ್ಲ ಎನ್ನುವ ಧೈರ್ಯ ತೋರಿಸಿ, ಪಂದ್ಯ ಹೋದರೆ ಹೋಗಲಿ. ನಿಮ್ಮ ತಂಡದಲ್ಲಿ ಬೇರೆ ಧರ್ಮದ ಮಕ್ಕಳಿದ್ದರೆ ನಿಮ್ಮ ಪ್ರಾರ್ಥನೆಗೆ ಅವರನ್ನು ಒತ್ತಾಯಿಸಬೇಡಿ. ಆಡುವ ಹನ್ನೊಂದು ಜನರ ಪಟ್ಟಿ ಅವರ ಕೈಯಲ್ಲಲ್ಲ, ನಿಮ್ಮ ಕೈಯಲ್ಲಿದೆ; ಬೇಡವೆನ್ನಲು ಅವರು ಹೆದರುತ್ತಾರೆ. ಹೆದರಿ ಹೇಳಿದ ಆಮೆನ್ ದೇವರಿಗೂ ಬೇಡ.

ಸಭೆಯ ಹಿರಿಯರೇ, ಧರ್ಮಗುರುಗಳೇ, ನಮ್ಮ ಹಿಂದಿನವರು ಕ್ರೀಡೆಗೆ ಕೊಟ್ಟದ್ದು ಸಣ್ಣದಲ್ಲ. ಹಳ್ಳಿಹಳ್ಳಿಯಲ್ಲಿ ನಾವು ಹೊನಲು ಬೆಳಕಿನಲ್ಲಿ ಆಡುವ ವಾಲಿಬಾಲ್ 1895ರಲ್ಲಿ ಅಮೆರಿಕದಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ಒಂದು ಶಾಖೆಯಲ್ಲಿ ಹುಟ್ಟಿದ ಆಟ. ಲಿಡೆಲ್ ಓಡಿದ ಅದೇ ಪ್ಯಾರಿಸ್ ಕೂಟಕ್ಕೆ ಭಾರತ ತಂಡವನ್ನು ಮ್ಯಾನೇಜರ್ ಆಗಿ ಕರೆದೊಯ್ದವರು ಹ್ಯಾರಿ ಕ್ರೋ ಬಕ್. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದವರೂ ಅವರೇ. ಅಲ್ಲಿ ಕಲಿತವರು ಯಾವ ಜಾತಿ, ಯಾವ ಮತ ಎಂದು ನೋಡದೆ ಈ ದೇಶದ ಮಕ್ಕಳನ್ನು ಓಡಿಸಿದರು, ಆಡಿಸಿದರು. ಆ ಪರಂಪರೆಯವರಾದ ನಮ್ಮ ಎಷ್ಟೋ ಚರ್ಚಿನ ಮೈದಾನಗಳ ಗೇಟಿಗೆ ಇವತ್ತು ಬೀಗ ಬಿದ್ದಿದೆ.

ಕ್ರೀಡಾಕೂಟ ನಡೆಸುವ ಅಧಿಕಾರಿಗಳಲ್ಲೂ ಒಂದು ಕೋರಿಕೆ. ಭಾನುವಾರ ಬೆಳಗಿನ ಆರಾಧನೆಗೋ, ಶುಕ್ರವಾರದ ನಮಾಜಿಗೋ, ಮನೆದೇವರ ಹಬ್ಬಕ್ಕೋ ಒಂದೆರಡು ಗಂಟೆ ಬಿಡುವು ಕೇಳುವ ಮಗುವಿಗೆ ಆಟದ ಮೇಲೆ ಪ್ರೀತಿ ಇಲ್ಲವೆಂದುಕೊಳ್ಳಬೇಡಿ. ಸಾಧ್ಯವಿದ್ದಲ್ಲಿ ವೇಳಾಪಟ್ಟಿ ಹೊಂದಿಸಿ. ಸಾಧ್ಯವಿಲ್ಲದಿದ್ದರೆ ಆಯ್ಕೆಯ ದಿನ ಅದನ್ನೇ ನೆಪ ಮಾಡಬೇಡಿ.

ಯುವಜನರೇ, ಸೋಲು ನಿಮ್ಮ ನಂಬಿಕೆ ಕಡಿಮೆಯಾದದ್ದಕ್ಕೆ ಬಿದ್ದ ಶಿಕ್ಷೆ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಗೆದ್ದರೂ ಸೋತರೂ ದೇವರ ಪ್ರೀತಿ ಒಂದೇ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರತಿ ಸಭೆಯ ಕಮಿಟಿಯೂ ಎರಡು ತೀರ್ಮಾನ ಮಾಡಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ವಾರದ ದಿನಗಳಲ್ಲಿ ಸಂಜೆ ಚರ್ಚಿನ ಮೈದಾನ ಊರಿನ ಎಲ್ಲ ಮಕ್ಕಳಿಗೂ ತೆರೆದಿರಲಿ. ಗಾಯಗೊಂಡು ಆಟ ಬಿಟ್ಟವರ, ಆಯ್ಕೆಯಾಗದೆ ಮನೆ ಸೇರಿದವರ ಹೆಸರು ಬರೆದುಕೊಂಡು ಅವರ ಮನೆಗಳಿಗೆ ಹೋಗಿ ಬನ್ನಿ. ಗೆದ್ದವರಿಗೆ ಆಮೇಲೆ ಶಾಲು ಹೊದಿಸೋಣ.