ಗುಳಿಗೆ ನಿಲ್ಲಿಸಿದವನನ್ನು ದೂರುವ ಮುನ್ನ

ವಿಮಾನಪುರದ ಒಂದು ವಠಾರದಲ್ಲಿ ನಾವು ಬಲ್ಲ ಹುಡುಗನೊಬ್ಬನಿದ್ದಾನೆ. ಸಣ್ಣ ವರ್ಕ್‌ಷಾಪಿನ ಫಿಟ್ಟರು. ಯಂತ್ರದ ಸದ್ದಿನ ನಡುವೆ ತನ್ನನ್ನು ಬೈಯುವ ದನಿ ಅವನಿಗೆ ಕೇಳತೊಡಗಿತು. ಜತೆಗಾರರು ನಕ್ಕರೆ ತನ್ನ ಮೇಲೆ ಹೂಟವೆಂದುಕೊಂಡ. ಮನೆಯವರು ಮೊದಲು ತಾಯಿತ ಕಟ್ಟಿಸಿದರು, ಆಮೇಲೆ ಡಾಕ್ಟರರ ಬಳಿಗೆ ಕರೆದೊಯ್ದರು. ಗುಳಿಗೆಯಿಂದ ಎರಡು ತಿಂಗಳಲ್ಲಿ ದನಿ ಅಡಗಿತು. ಗುಣವಾದ ಮೇಲೆ ಗುಳಿಗೆ ಏಕೆಂದು ಬಿಟ್ಟ. ಆರು ತಿಂಗಳೊಳಗೆ ದನಿ ಮರಳಿತು, ಕೆಲಸ ಹೋಯಿತು. ಈಗ ವಠಾರವೆಲ್ಲ ಅವನನ್ನೇ ದೂರುತ್ತಿದೆ.

ನಾವು ದೂರಲಾರೆವು. ಆ ಗುಳಿಗೆ ಮಾಡುವ ಕೆಲಸವೇನೆಂದು ಅವನಿಗೆ ತಿಳಿಹೇಳಿದವರು ಯಾರು?

ಸ್ಕಿಜೋಫ್ರೇನಿಯಾ ಎಂಬ ಈ ರೋಗದಲ್ಲಿ ಮೆದುಳಿನ ಒಂದು ಭಾಗದಲ್ಲಿ ಡೋಪಮೈನ್ ಎಂಬ ರಸ ಮಿತಿಮೀರಿ ಸುರಿಯುತ್ತದೆ. ಒಂದು ನರಕೋಶದ ಸುದ್ದಿಯನ್ನು ಮತ್ತೊಂದಕ್ಕೆ ಒಯ್ಯುವ ಜವಾನ ಅದು. ಜವಾನ ಹೊತ್ತುಗೊತ್ತಿಲ್ಲದೆ ಬಾಗಿಲು ಬಡಿದರೆ ಸಾಮಾನ್ಯ ನಗುವೂ ಗುಟ್ಟಿನ ಸಂಕೇತವಾಗಿ ತೋರುತ್ತದೆ. ಔಷಧಿಯು ಬಾಗಿಲ ಬೀಗದಲ್ಲಿ ತಾನೇ ಹೊಕ್ಕು ಕುಳಿತುಬಿಡುತ್ತದೆ. ಜವಾನನ ಬೀಗದಕೈ ಅಲ್ಲಿ ಹಿಡಿಯದು. ಬೀಗ ಕೆಲವು ಗಂಟೆಗಳಲ್ಲೇ ಮುಚ್ಚಿದರೂ ಮನಸ್ಸು ತಿಳಿಯಾಗಲು ವಾರಗಳು ಬೇಕು. ಜವಾನನ ಓಡಾಟವಂತೂ ನಿಲ್ಲುವುದಿಲ್ಲ. ಗುಳಿಗೆ ಬಿಟ್ಟರೆ ಬಾಗಿಲು ಮತ್ತೆ ತೆರೆಯಿತು.

1952ರಲ್ಲಿ ಪ್ಯಾರಿಸ್ಸಿನ ಡಿಲೇ, ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೈನನ್ನು ಈ ರೋಗಿಗಳಿಗೆ ಕೊಟ್ಟು ನೋಡಿದರು. ಅದಕ್ಕೂ ಮೊದಲೇ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ನಮ್ಮ ಸರ್ಪಗಂಧದ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದಿದ್ದರು. ಅದರ ಸತ್ವವಾದ ರಿಸರ್ಪಿನ್ ಬಾಗಿಲು ಮುಚ್ಚುವುದಿಲ್ಲ, ಜವಾನರ ಉಗ್ರಾಣವನ್ನೇ ಬರಿದುಮಾಡುತ್ತದೆ. ಖಿನ್ನತೆ ತರುತ್ತದೆಂದು ಅದನ್ನು ಕೈಬಿಟ್ಟರು. ನಾಟಿ ಬೇರೆಂದರೆ ನಿರಪಾಯವೆನ್ನುವವರು ಇದನ್ನು ಗಮನಿಸಬೇಕು.

ಈಗಿನ ಗುಳಿಗೆಗಳಿಗೂ ದೋಷಗಳುಂಟು. ಕೆಲವು ಕೈ ನಡುಗಿಸುತ್ತವೆ, ಮೈ ಬಿಗಿಸುತ್ತವೆ. ಕೆಲವು ತೂಕ, ಸಕ್ಕರೆ ಹೆಚ್ಚಿಸುತ್ತವೆ. ಲೇತಿನ ಮುಂದೆ ಮಂಪರು ಸಣ್ಣ ಮಾತಲ್ಲ. ಇದನ್ನು ಡಾಕ್ಟರರಿಗೆ ಧೈರ್ಯವಾಗಿ ಹೇಳಿದರೆ ಅವರು ಪ್ರಮಾಣ ತಗ್ಗಿಸಬಹುದು, ಬೇರೆ ಗುಳಿಗೆ ಕೊಡಬಹುದು. ತಾನೇ ಬಿಟ್ಟುಬಿಡುವುದು ಬೇರೆ ಮಾತು.

ಅಂಗಡಿಯವರಿಗೆ, ಇಎಸ್‌ಐ ಇಲ್ಲದವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಗುಳಿಗೆಗಳನ್ನು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೂ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡಬೇಕು. ಸ್ಟಾಕಿಲ್ಲವೆಂದರೆ ಬರೆದು ಕೊಡಿರೆಂದು ಕೇಳಿ. ಇಎಸ್‌ಐ ಕಾರ್ಮಿಕರಿಗೆ ಇನ್ನೊಂದು ಆಸರೆಯುಂಟು: ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿ ಈ ರೋಗವೂ ಸೇರಿದೆ. ಎರಡು ವರ್ಷ ಎಡೆಬಿಡದೆ ದುಡಿದು ನಿಯಮದಂತೆ ವಂತಿಗೆ ಸಂದವನಿಗೆ ಕೂಲಿಯ ನೂರಕ್ಕೆ 80ರಂತೆ ಎರಡು ವರ್ಷದವರೆಗೆ ಭತ್ಯ ಸಿಗಬಹುದು.

ನಮ್ಮ ಫಿಟ್ಟರು ಮತ್ತೆ ಗುಳಿಗೆ ನುಂಗುತ್ತಿದ್ದಾನೆ. ಭತ್ಯಕ್ಕೆಂದು ಅವನ ಕಾಗದಪತ್ರ ತೆಗೆಸಿ ನೋಡಿದೆವು. ಮೂರು ವರ್ಷ ಅವನ ಕೂಲಿಯಲ್ಲಿ ವಂತಿಗೆ ಹಿಡಿದ ಗುತ್ತಿಗೆದಾರ ಕಟ್ಟಿದ್ದು ಹನ್ನೊಂದು ತಿಂಗಳದ್ದು ಮಾತ್ರ.