ಬೆನ್ನು ಬಗ್ಗದ ಹೆಂಗಸರು

ರಾಜಾ ರವಿವರ್ಮನನ್ನು ಹೊಗಳುವವರ ನಡುವೆ ನನ್ನದೊಂದು ತಕರಾರೂ ಇರಲಿ. ಆತನ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಸೀರೆಯ ಜರಿಯನ್ನು, ಒಡವೆಯ ಹೊಳಪನ್ನು ಎಣ್ಣೆಬಣ್ಣದಲ್ಲಿ ಹಾಗೆ ತಂದವರು ಕಡಿಮೆ. ಹೆಸರು ಮಾಡುವ ಮೊದಲು, 1870ರಲ್ಲಿ, ಆತ ನಮ್ಮ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಬಂದು ಹೋದವನೆಂಬ ಅಭಿಮಾನವೂ ನಮಗಿದೆ. ನನ್ನ ಜಗಳ ಆತ ಬರೆದ ಹಾಲು ಮಾರುವ ಹೆಣ್ಣಿನಂಥವರ ಜೊತೆ. ಅವರು ಕೆಲಸ ಮಾಡುವುದಿಲ್ಲ. ಕೆಲಸದ ಸಾಮಾನು ಹಿಡಿದು ನಮಗಾಗಿ ನಿಂತಿರುತ್ತಾರೆ, ಅಷ್ಟೆ.

ಇದು ಆತನೊಬ್ಬನ ಚಾಳಿಯಲ್ಲ. ಅದೇ ಶತಮಾನದಲ್ಲಿ ಫ್ರಾನ್ಸಿನ ಬುಗ್ರೋ ಎಂಬಾತ ಕುರಿ ಕಾಯುವ ಹುಡುಗಿಯರನ್ನು ಸಾಲುಸಾಲಾಗಿ ಬರೆದ. ಅವರ ಬರಿಗಾಲಿನಲ್ಲಿ ಧೂಳನ್ನು ಹುಡುಕಬೇಕು. ದುಡ್ಡಿದ್ದವರು ಮುಗಿಬಿದ್ದು ಕೊಂಡರು. ಆದರೆ ಅದೇ ದೇಶದ ಮಿಲೆ 1857ರಲ್ಲಿ, ಕೊಯ್ದ ಹೊಲದಲ್ಲಿ ಉದುರಿದ ತೆನೆ ಆಯುವ ಮೂವರು ಬಡ ಹೆಂಗಸರನ್ನು ಅವರ ಬಗ್ಗಿದ ಬೆನ್ನಿನ ಸಮೇತ ತೋರಿಸಿದಾಗ ಪ್ಯಾರಿಸಿನ ದೊಡ್ಡ ಮನುಷ್ಯರಿಗೆ ಇರುಸುಮುರುಸಾಯಿತು.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಆ ಬಗೆಯ ಚಂದ ಮನೆಮನೆಯ ಗೋಡೆಗೆ ಬಂತು, ಆಮೇಲೆ ಕ್ಯಾಲೆಂಡರಿಗೆ. ಈಗ ನಮ್ಮ ಕಡೆಯ ಆಮಂತ್ರಣ ಪತ್ರಗಳಲ್ಲೂ ಗೊರಬು ಹೊತ್ತ ಹೆಂಗಸು ನಗುತ್ತಾಳೆ. ಗುಲ್ವಾಡಿಯ ಗದ್ದೆಗಳಲ್ಲಿ ನಾನು ಕಂಡ ಗೊರಬಿನಡಿ ಮುಖವೇ ಕಾಣುತ್ತಿರಲಿಲ್ಲ. ಆಸಾಡಿ ಮಳೆಗೆ ಬೆನ್ನು ಕೊಟ್ಟು, ಬೆಳಗಿನಿಂದ ಬೈಗಿನವರೆಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ನಟ್ಟಿ ಮಾಡುವವಳಿಗೆ ನಗಲು ಪುರುಸೊತ್ತೆಲ್ಲಿ? ಕೆಸರಿಗೆ ಕಾಲ್ಬೆರಳ ಸಂದು ಕೊಳೆತು ಉರಿಯುತ್ತಿತ್ತು. ಆ ಕಾಲನ್ನು ಯಾರು ಬರೆದರು?

"ಚಿತ್ರದಲ್ಲಾದರೂ ಆಕೆ ಚಂದ ಇರಲಿ ಬಿಡಿ" ಎನ್ನುವವರಿದ್ದಾರೆ. ಇರಲಿ. ಆದರೆ ಆ ಚಂದದ ಖರ್ಚು ಯಾರ ಲೆಕ್ಕಕ್ಕೆ? ದಣಿವೇ ಕಾಣದವಳಿಗೆ ಕೂಲಿ ಹೆಚ್ಚು ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ. 1976ರಲ್ಲಿ ಸಮಾನ ವೇತನದ ಕಾನೂನು ಬಂದ ಮೇಲೂ ನಾನು ಕಂಡ ಗದ್ದೆಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಇತ್ತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ, ಸರಿಯೇ. ನೆಟ್ಟವಳು? ನಾನು ಬಲ್ಲ ಗೇಣಿ ಮನೆಗಳಲ್ಲಿ ಡಿಕ್ಲರೇಶನ್ ಅರ್ಜಿ ಹೋದದ್ದು ಗಂಡಸಿನ ಹೆಸರಲ್ಲಿ.

ರವಿವರ್ಮನ ಚಿತ್ರಗಳು ಅಚ್ಚಾಗುತ್ತಿದ್ದ ಕಾಲದಲ್ಲೇ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಬಂತು. ಅದು ವಿಧವೆಯೊಬ್ಬಳ ಕತೆ, ಗದ್ದೆಯ ಹೆಂಗಸಿನದಲ್ಲ. ಆದರೂ ಹೆಣ್ಣಿನ ಸಂಕಟಕ್ಕೆ ಚಂದದ ಮುಸುಕು ಹಾಕದೆ ಬರೆಯಬಹುದೆಂದು ನಮ್ಮೂರಿನ ಹೆಸರು ಹೊತ್ತವರೇ ಆಗಲೇ ತೋರಿಸಿದ್ದರು.

ಚಿತ್ರ ಹರಿದು ಹಾಕಿ ಎನ್ನುತ್ತಿಲ್ಲ. ಗೋಡೆಗೆ ಮೊಳೆ ಹೊಡೆಯುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಇವಳು ನೆಟ್ಟ ಗದ್ದೆಯ ಪಹಣಿ ಯಾರ ಹೆಸರಲ್ಲಿದೆ?